ತಲಿ ಒಂದ, ಬಾಲ ಬ್ಯಾರೆ: ಒಂದೇ ಅಕ್ಷರದಿಂದ ಸುರು ಆಗೂ ಇಂಗ್ಲಿಷ್ ಶಬ್ದ ಹ್ಯಾಂಗ ಬಿಡಿಸೂದು?

ಇಂಡಿ ನಿಂಬೆ:
ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆದ ಜನರಲ್ ಇಂಗ್ಲಿಷ್ ಪೇಪರಿನ ಸಿನೊನಿಮ್ (ಸಮಾನಾರ್ಥಕ), ಆಂಟೊನಿಮ್ (ವಿರುದ್ಧ ಪದ) ಬಗ್ಗೆ ಕೇಳೂದದ. ಪಿ-ಆರ್-ಇ, ಪಿ-ಆರ್-ಓ, ಪಿ-ಇ-ಆರ್ ಅಂತ ಸುರು ಆಗೂ ಶಬ್ದ ಒಂದರಾಗ ಒಂದು ಕಲಸಿ ಹೋಗ್ತಾವ. ಪ್ರಿಸ್ಕ್ರೈಬ್ – ಪ್ರೊಸ್ಕ್ರೈಬ್, ಪ್ರಾಸಿಕ್ಯೂಟ್ – ಪರ್ಸಿಕ್ಯೂಟ್, ಪ್ರಿಸೀಡ್ – ಪ್ರೊಸೀಡ್. ಗೈಡಿನಾಗ ಎ ದಿಂದ ಝಡ್ ತನಕ ಪಟ್ಟಿ ಇರ್ತದ, ಒಂದೊಂದಕ್ಕ ನಾಕು ಸಮಾನಾರ್ಥಕ. ಬಾಯಿಪಾಠ ಮಾಡಿದ್ರ ಹತ್ತು ದಿನಕ್ಕ ಅಕ್ಷರ ಅಷ್ಟ ಉಳೀತಾವ, ಅರ್ಥ ಹಾರಿ ಹೋಗ್ತದ. ಬಲ್ಲವರು ಏನರ ಹಾದಿ ಹೇಳ್ರಿ.

ಮುಧೋಳ ಪದಕೋಶ:
ಅಕ್ಷರ ಕ್ರಮ ಶಬ್ದ ಹುಡುಕಲಿಕ್ಕೆ, ಕಲಿಯಲಿಕ್ಕಲ್ಲ. ಸಂಸ್ಕೃತದ ಪದಕೋಶ ಅಮರಕೋಶ ನಡೆಯುವುದು ಅರ್ಥದ ವರ್ಗಗಳಲ್ಲಿ. ಇಂಗ್ಲಿಷಿನಲ್ಲಿ ರೋಜೆ 1852ರಲ್ಲಿ ಹೊರತಂದ ಸಮಾನಾರ್ಥಕ ಕೋಶವೂ ಅರ್ಥದ ಗುಂಪುಗಳಲ್ಲೇ ಇತ್ತು. ನಮ್ಮೂರ ರನ್ನನ ಹೆಸರಿನಲ್ಲಿರುವ ರನ್ನಕಂದವಂತೂ ಹಳೆಯ ಪದಗಳ ಅರ್ಥವನ್ನು ಕಂದಪದ್ಯದಲ್ಲೇ ಹೇಳುತ್ತದೆ, ಅಂದರೆ ಬಾಯಿಪಾಠಕ್ಕೇ ಹದ ಮಾಡಿದ್ದು. ಈಗಿನ ಗೈಡುಗಳಿಗೆ ಪದ್ಯವೂ ಇಲ್ಲ, ವರ್ಗವೂ ಇಲ್ಲ.

ನಿಮಗೆ ಬೇಕಾದ ಕೀಲಿ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲೇ ಇದೆ: ಉಪಸರ್ಗ. ‘ಹಾರ’ ಒಂದೇ, ಪ್ರಹಾರ, ಆಹಾರ, ವಿಹಾರ, ಸಂಹಾರ, ಪರಿಹಾರ ಅಂತ ಮುಂದೆ ಕೂತದ್ದು ಬದಲಾದಂತೆ ಪೆಟ್ಟೂ ಆಗುತ್ತದೆ, ಊಟವೂ ಆಗುತ್ತದೆ. ಲ್ಯಾಟಿನ್ ಮೂಲದ ಇಂಗ್ಲಿಷ್ ಶಬ್ದಗಳೂ ಹಾಗೇ. ‘ಸ್ಪೆಕ್ಟ್’ ಅಂದರೆ ನೋಡು: ಒಳಹೊಕ್ಕು ನೋಡಿದರೆ ಇನ್‌ಸ್ಪೆಕ್ಟ್, ಮುಂದಕ್ಕೆ ನೋಡಿದರೆ ಪ್ರಾಸ್ಪೆಕ್ಟ್, ತಿರುಗಿ ನೋಡಿದರೆ ರೆಸ್ಪೆಕ್ಟ್, ಕೆಳಗಿನಿಂದ ನೋಡಿದರೆ ಸಸ್ಪೆಕ್ಟ್.

ಈಗ ನಿಮ್ಮ ಮೂರು ಜೋಡಿ. ‘ಪ್ರಿ’ ಅಂದರೆ ಮುಂಚೆ, ಕಾಲದಲ್ಲಿ. ‘ಪ್ರೊ’ ಅಂದರೆ ಮುಂದಕ್ಕೆ, ಎಲ್ಲರ ಎದುರಿಗೆ, ಪರವಾಗಿ. ಸಂಸ್ಕೃತದ ‘ಪ್ರ’ ಇದರ ಒಡಹುಟ್ಟು. ‘ಪರ್’ ಅಂದರೆ ಮೂಲಕ, ಪೂರ್ತಿಯಾಗಿ, ಬಿಡದೆ.

‘ಸ್ಕ್ರೈಬ್’ ಬರೆಯುವುದು. ಮುಂಚೆಯೇ ಬರೆದುಕೊಟ್ಟದ್ದು ಪ್ರಿಸ್ಕ್ರೈಬ್: ಡಾಕ್ಟರರ ಚೀಟಿ, ವಿಶ್ವವಿದ್ಯಾಲಯದ ಪಠ್ಯ, ನಿಯಮದ ಫಾರ್ಮು. ಎಲ್ಲರ ಎದುರಿಗೆ ಬರೆದು ತೂಗುಹಾಕಿದ್ದು ಪ್ರೊಸ್ಕ್ರೈಬ್. ಕ್ರಿ.ಪೂ. 82ರಲ್ಲಿ ರೋಮಿನ ಸೇನಾಧಿಪತಿ ಸುಲ್ಲಾ ತನ್ನ ವೈರಿಗಳ ಹೆಸರಿನ ಪಟ್ಟಿಯನ್ನು ಬಹಿರಂಗವಾಗಿ ಹಾಕಿಸಿದ. ಪಟ್ಟಿಯಲ್ಲಿದ್ದವರನ್ನು ಯಾರು ಕೊಂದರೂ ಅಪರಾಧವಲ್ಲ, ಆಸ್ತಿ ಜಪ್ತು. ಅದಕ್ಕೇ ಆ ಶಬ್ದಕ್ಕೆ ಬಹಿಷ್ಕರಿಸು, ನಿಷೇಧಿಸು ಅನ್ನುವ ಅರ್ಥ ಬಂತು. ಸಮಾನಾರ್ಥಕ ಬ್ಯಾನ್, ಫರ್ಬಿಡ್, ಪ್ರೊಹಿಬಿಟ್, ಔಟ್‌ಲಾ.

‘ಸಿಕ್ಯೂಟ್’ ಹಿಂಬಾಲಿಸುವುದು. ಒಂದು ಕೆಲಸವನ್ನೋ ಪ್ರಕರಣವನ್ನೋ ಮುಂದಕ್ಕೆ ನಡೆಸಿಕೊಂಡು ಹೋದರೆ ಪ್ರಾಸಿಕ್ಯೂಟ್. ಕೋರ್ಟಿನಲ್ಲಿ ಕೂರುವ ಸರ್ಕಾರಿ ಅಭಿಯೋಜಕರು ಪಬ್ಲಿಕ್ ಪ್ರಾಸಿಕ್ಯೂಟರ್. ಬಿಡದೆ ಬೆನ್ನು ಹತ್ತಿ ಕಾಡಿದರೆ ಪರ್ಸಿಕ್ಯೂಟ್: ಹೆರಾಸ್, ಒಪ್ರೆಸ್, ಟಾರ್ಮೆಂಟ್. ಮೊದಲನೆಯದು ಕಾನೂನು, ಎರಡನೆಯದು ಕಿರುಕುಳ.

‘ಸೀಡ್’ ಹೋಗುವುದು. ಮುಂಚೆ ಹೋದದ್ದು ಪ್ರಿಸೀಡ್, ಮುಂದಕ್ಕೆ ಹೋಗುವುದು ಪ್ರೊಸೀಡ್. ಕೋರ್ಟಿನ ಪ್ರೆಸಿಡೆಂಟನ್ನು ಎಸ್ ಹಾಕಿ ಬರೆದರೆ ಅಧ್ಯಕ್ಷರು ಬಂದು ಕೂರುತ್ತಾರೆ; ಹಿಂದಿನ ತೀರ್ಪಿನ ಆಧಾರಕ್ಕೆ ಬೇಕಾದದ್ದು ಸಿ ಅಕ್ಷರದ ಪ್ರೆಸಿಡೆಂಟ್. ಕನ್ನಡ ಲಿಪಿಯಲ್ಲಿ ಎರಡೂ ಒಂದೇ, ಇಂಗ್ಲಿಷಿನಲ್ಲಿ ಒಂದಕ್ಕೆ ಎಸ್, ಒಂದಕ್ಕೆ ಸಿ.

ಬನಹಟ್ಟಿ ಮಗ್ಗ:
ಆ ಕಡೀ ಜೋಡಿಗೆ ಸ್ಪೆಲ್ಲಿಂಗ್ ಸೇರಸ್ತೀನಿ, ಪರೀಕ್ಷೆದಾಗ ಪದೇ ಪದೇ ಬರೂದು ಅದ. ‘ಸೀಡ್’ ಸದ್ದು ಮೂರು ಥರ ಬರೀತಾರ. ಡಬಲ್ ಇ ಹಾಕಿ ಬರೆಯೂ ಶಬ್ದ ಮೂರ ಮೂರು: ಪ್ರೊಸೀಡ್, ಎಕ್ಸೀಡ್, ಸಕ್ಸೀಡ್. ಎಸ್-ಇ-ಡಿ-ಇ ಅಂತ ಮುಗಿಯೂದು ಒಂದ: ಸೂಪರ್‌ಸೀಡ್. ಉಳಿದದ್ದೆಲ್ಲ ಸಿ-ಇ-ಡಿ-ಇ: ಪ್ರಿಸೀಡ್, ರಿಸೀಡ್, ಕನ್ಸೀಡ್, ಇಂಟರ್‌ಸೀಡ್. ಇಷ್ಟ ನೆನಪಿದ್ರ ಸಾಕು. ಒಂದು ಹಳ್ಳ ಐತಿ ನೋಡ್ರಿ: ಸಿ ಆದ ಮ್ಯಾಲೆ ಪ್ರೊಸೀಡ್‌ಗೆ ಇ ಎರಡು, ಪ್ರೊಸೀಜರ್‌ಗೆ ಒಂದ. ನೋಟಶೀಟಿನಾಗ ಈ ತಪ್ಪು ಭಾಳ ಕಾಣತೈತಿ.

ಕುಂದಾ ಕ್ಯಾಂಪ್:
ಪದಕೋಶದವರು ಹೇಳಿದ್ದು ಖರೆ, ಆದರೆ ಕಲಿಯುವ ರೀತಿಗೆ ನನ್ನ ತಕರಾರು ಇದೆ. ಜೋಡಿ ಶಬ್ದಗಳನ್ನು ಒಂದೇ ದಿನ ಎದುರಾಬದುರು ಇಟ್ಟು ಕಲಿಯಬೇಡಿ. ಎರಡೂ ಹೊಸವು, ಎರಡೂ ಒಂದೇ ಥರ ಕಾಣುತ್ತವೆ. ಮನಸ್ಸು ಎರಡು ಅರ್ಥ ನೆನಪಿಡುತ್ತದೆ, ಯಾವುದು ಯಾರದು ಅನ್ನುವುದನ್ನು ಬಿಡುತ್ತದೆ. ಇಂಡಿಯವರ ಗೋಳಿನ ಮೂಲ ಇದೇ. ಅವಳಿ ಮಕ್ಕಳನ್ನು ಒಟ್ಟಿಗೆ ತೋರಿಸಿ ಹೆಸರು ಹೇಳಿದಂತೆ.

ಮೊದಲು ಸಾಮಾನ್ಯವಾದದ್ದನ್ನು ಕಲಿಯಿರಿ, ಪ್ರಿಸ್ಕ್ರೈಬ್. ನಾಲ್ಕೈದು ದಿನ ವಾಕ್ಯದಲ್ಲಿ ಬಳಸಿ ಗಟ್ಟಿ ಮಾಡಿ. ಅದು ಕೇಳಿದ ಕೂಡಲೇ ಡಾಕ್ಟರರ ಚೀಟಿ ಕಣ್ಣಿಗೆ ಬರಬೇಕು. ಆಮೇಲೆ ಪ್ರೊಸ್ಕ್ರೈಬ್ ತನ್ನಿ. ಆಗ ಹೊಸದು ಹಳೆಯದರ ಪಕ್ಕಕ್ಕೆ ಕೂರುತ್ತದೆ, ಅದನ್ನು ಒತ್ತುವುದಿಲ್ಲ.

ವಹಿಯಲ್ಲಿ ಒಂದು ಶಬ್ದಕ್ಕೆ ಐದು ಸಾಲು ಬಿಡಿ. ಬಿಡಿಸಿದ ರೂಪ, ಒಂದೇ ಒಂದು ಕನ್ನಡ ಅರ್ಥ, ಅದರ ನಂತರ ಬರುವ ಪ್ರೆಪೊಸಿಷನ್, ನೀವೇ ಕಟ್ಟಿದ ವಾಕ್ಯ, ವಿರುದ್ಧ ಪದ. ದಿನಕ್ಕೆ ಎಂಟು ಶಬ್ದಕ್ಕಿಂತ ಹೆಚ್ಚು ಬೇಡ. ಮರುದಿನ, ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ ಅರ್ಥದ ಕಡೆ ಕೈ ಮುಚ್ಚಿ ಹೇಳಿ ನೋಡಬೇಕು. ಓದುವುದು ಬೇರೆ, ಮುಚ್ಚಿ ಹೇಳುವುದು ಬೇರೆ. ಬರೀ ಓದಿದರೆ ಪರಿಚಯದ ಮುಖ ಕಂಡಂತಾಗುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ. ತಪ್ಪಿದ ಶಬ್ದ ಮತ್ತೆ ಮೊದಲ ದಿನಕ್ಕೆ.

ಮುಧೋಳ ಪದಕೋಶ:
ಒಪ್ಪಿದೆ. ಜೋಡಿಯನ್ನು ಒಡೆದು ಕಲಿಸುವುದೇ ಸರಿ. ಉಪಸರ್ಗವನ್ನು ಮಾತ್ರ ಮೊದಲ ದಿನವೇ ಕೊಡಬಹುದು, ಅದು ಬೇಗ ಹತ್ತುತ್ತದೆ.

ಡೋಣಿ ದಂಡೆ:
ಎಲ್ಲಾರೂ ‘ಪ್ರಿ-ಪ್ರೊ’ ಹಿಡಕೊಂಡು ಕುಂತೀರಿ. ಅಂಕ ಕಳಿಯೂದು ‘ಇನ್’ ದಾಗ್ರಿ. ‘ಇನ್’ ಅಂದ್ರ ‘ಇಲ್ಲ’ ಅಂತ ಕಲಿಸಿರ್ತಾರ. ಇನ್‌ಕರೆಕ್ಟ್, ಇನ್‌ವಿಸಿಬಲ್, ಇನ್‌ಸೇನ್. ಖರೆ. ಆದ್ರ ಇನ್ನೊಂದು ‘ಇನ್’ ಅದ, ಅದಕ್ಕ ‘ಒಳಗ, ಮ್ಯಾಲೆ’ ಅಂತ ಅರ್ಥ. ಹೆದ್ದಾರಿ ಮ್ಯಾಲೆ ಪೆಟ್ರೋಲ್ ಟ್ಯಾಂಕರಿನ ಹಿಂದ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರದಿರ್ತಾರ. ‘ಬೆಂಕಿ ಹತ್ತಂಗಿಲ್ಲ’ ಅಂತ ತಿಳಕೊಂಡು ಬೀಡಿ ಹಚ್ಚಿದ್ರ ಕತಿ ಮುಗೀತು. ಅದು ಇನ್‌ಫ್ಲೇಮ್, ಒಳಗ ಉರಿ ಏಳೂದು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಒಂದ ಅರ್ಥ. ವಿರುದ್ಧ ಬೇಕಂದ್ರ ನಾನ್-ಫ್ಲೇಮಬಲ್.

ಇಂಥಾವು ಇನ್ನೂ ಅದಾವ. ಇನ್‌ಹ್ಯಾಬಿಟಬಲ್ ಅಂದ್ರ ವಾಸ ಮಾಡಬಹುದಾದ ಜಾಗಾ, ಅದರ ವಿರುದ್ಧ ಅನ್‌ಇನ್‌ಹ್ಯಾಬಿಟಬಲ್. ಮುಂದಿನ ಮೂರರಾಗ ‘ಇನ್’ ಅಂದ್ರ ‘ಇಲ್ಲ’ನ, ಆದ್ರ ಅರ್ಥ ಹೊರಳ್ಯದ. ಇನ್‌ವ್ಯಾಲ್ಯುಯಬಲ್ ಅಂದ್ರ ಬೆಲಿ ಇಲ್ಲದ್ದಲ್ಲ, ಬೆಲಿ ಕಟ್ಟಲಾರದ್ದು, ಸಿನೊನಿಮ್ ಪ್ರೈಸ್‌ಲೆಸ್. ಬೆಲಿ ಇಲ್ಲದ್ದಕ್ಕ ವರ್ತ್‌ಲೆಸ್ ಅಥವಾ ವ್ಯಾಲ್ಯೂಲೆಸ್. ಇನ್‌ಫಮಸ್ ಅಂದ್ರ ಹೆಸರಿಲ್ಲದವ ಅಲ್ಲ, ಕೆಟ್ಟ ಹೆಸರಿನವ. ಉಚ್ಚಾರನೂ ‘ಇನ್-ಫೇಮಸ್’ ಅಲ್ಲ, ‘ಇನ್‌ಫಮಸ್’. ಇನ್‌ಡಿಫರೆಂಟ್ ಅಂದ್ರ ‘ಫರಕಿಲ್ಲದ್ದು’ ಅಲ್ಲ, ಉದಾಸೀನ.

ಎಲ್ಲಕ್ಕಿಂತ ಕುತ್ತಿನ ಜೋಡಿ ಇನ್‌ಜೀನಿಯಸ್, ಇನ್‌ಜೆನ್ಯುಅಸ್. ಎನ್ ಆದ ಮ್ಯಾಲೆ ಐ ಇದ್ರ ಚತುರ, ಜಾಣ. ಎನ್ ಆದ ಮ್ಯಾಲೆ ಯು ಇದ್ರ ಕಪಟ ತಿಳಿಯದ ಮುಗ್ಧ. ಮುಂದ ‘ಡಿಸ್’ ಹಚ್ಚಿದ್ರ ಡಿಸ್‌ಇನ್‌ಜೆನ್ಯುಅಸ್, ಮ್ಯಾಲೆ ಸರಳ ಕಂಡು ಒಳಗ ಲೆಕ್ಕ ಹಾಕಾಂವ. ರಾಜಕೀಯದ ಸುದ್ದಿ ಓದೂವಾಗ ಭಾಳ ಕೆಲಸಕ್ಕ ಬರ್ತದ.

ಗುಳೇದಗುಡ್ಡ ಖಣ:
ಡೋಣಿಯಣ್ಣಾರ, ‘ಇನ್’ ವೇಷ ಬದಲಿಸೂದನ್ನೂ ಹೇಳಬೇಕಿತ್ತು. ಎಲ್ ಮುಂದ ಬಂದ್ರ ‘ಇಲ್’ ಆಗತೈತಿ: ಇಲ್‌ಲೀಗಲ್, ಇಲ್‌ಲಿಟರೇಟ್. ಆರ್ ಮುಂದ ‘ಇರ್’: ಇರ್‌ರೆಗ್ಯುಲರ್. ಪಿ, ಬಿ, ಎಮ್ ಮುಂದ ‘ಇಮ್’: ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮಾರ್ಟಲ್. ಹೊಸಾದಲ್ಲ ಇದು. ‘ಸಂ’ ನಮ್ಮಲ್ಲಿ ಸಂತೋಷದಾಗ ನಕಾರ, ಸಂಪೂರ್ಣದಾಗ ಮಕಾರ ಆಗೂದಿಲ್ಲೇನು, ಹಂಗ. ನಾಲಿಗಿ ಎಲ್ಲಿ ಇಡಬೇಕೋ ಅಲ್ಲೇ ಮೊದಲ ಹೋಗಿ ಕುಂದರತೈತಿ. ‘ಕಾನ್’ ಅನ್ನೂದೂ ಹಂಗ: ಕನೆಕ್ಟ್, ಕಂಬೈನ್, ಕಲೆಕ್ಟ್, ಕರೆಕ್ಟ್, ಎಲ್ಲಾದರಾಗೂ ಒಂದ ‘ಕಾನ್’. ಡಬಲ್ ಅಕ್ಷರ ಯಾಕ ಬರತಾವು ಅನ್ನೂದಕ್ಕೂ ಇದ ಉತ್ತರ: ಒಂದು ಉಪಸರ್ಗದ್ದು, ಒಂದು ಧಾತುವಿಂದು. ಇಮ್ಮಾರ್ಟಲ್‌ಗೆ ಎಮ್ ಎರಡು, ಇಮಿಟೇಟ್‌ಗೆ ಒಂದ, ಯಾಕಂದ್ರ ಇಮಿಟೇಟ್‌ದಾಗ ಉಪಸರ್ಗನ ಇಲ್ಲ.

ಇಂಡಿ ನಿಂಬೆ:
ಅಕ್ಕಾರ, ಇದು ಮೊದಲ ಸಲ ತಿಳೀತ್ರಿ. ಹಂಗಾದ್ರ ‘ಎ-ಬಿ’ ಗುಂಪು? ಅಬ್ಯಾಂಡನ್, ಅಬ್ಡಿಕೇಟ್, ಅಬಾಲಿಶ್, ಅಬ್ರೊಗೇಟ್, ಅಬ್ಜೂರ್, ಅಬೇಟ್. ಎಲ್ಲಾದಕ್ಕೂ ಗೈಡಿನಾಗ ‘ಬಿಟ್ಟುಬಿಡು, ರದ್ದು ಮಾಡು’ ಅಂತ ಬರದಾರ.

ಬನಹಟ್ಟಿ ಮಗ್ಗ:
ಯಾರು ಬಿಡತಾರ, ಏನ ಬಿಡತಾರ ಅನ್ನೂದರ ಮ್ಯಾಲೆ ಐತಿ. ಅಬ್ಡಿಕೇಟ್ ಮಾಡೂದು ಸಿಂಹಾಸನ, ಅಧಿಕಾರ, ಜವಾಬ್ದಾರಿ. ಇಂಗ್ಲೆಂಡಿನ ಎಂಟನೇ ಎಡ್ವರ್ಡ್ 1936ರಾಗ ಮಾಡಿದ್ದು ಅದು. ತಹಸೀಲ್ದಾರ್ ಕೆಲಸ ಬಿಟ್ರ ರಿಸೈನ್, ಅಬ್ಡಿಕೇಟ್ ಅಲ್ಲ. ಅಬಾಲಿಶ್ ಮಾಡೂದು ಪದ್ಧತಿ, ಹುದ್ದೆ, ತೆರಿಗೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಗೆ ಇದ ಶಬ್ದ ಬಳಸೈತಿ. ಅಬ್ರೊಗೇಟ್ ಮಾಡೂದು ಕಾನೂನು, ಒಪ್ಪಂದ. 2019ರಾಗ 370ನೇ ವಿಧಿ ಸುದ್ದಿ ಬಂದಾಗ ಇಂಗ್ಲಿಷ್ ಪೇಪರಿನ ತುಂಬ ಅಬ್ರೊಗೇಷನ್ ಇತ್ತು. ಅಬ್ಜೂರ್ ಅಂದ್ರ ಆಣೆ ಮಾಡಿ ತೊರಿಯೂದು, ನಂಬಿಕೆ, ಹಿಂಸೆ ಇಂಥಾವನ್ನ. ಅಬ್‌ಸ್ಟೇನ್ ಅಂದ್ರ ತಾನಾಗಿ ದೂರ ಇರೂದು: ಮತ ಹಾಕದ ಕುಂದ್ರೂದು, ಏಕಾದಶಿಗೆ ಅನ್ನ ಬಿಡೂದು. ಅಬ್‌ಸ್ಕಾಂಡ್ ಪಿಎಸ್‌ಐ ಆಗೂ ಹುಡುಗರಿಗೆ ಹೇಳಬೇಕಾಗಿಲ್ಲ, ಪರಾರಿ.

‘ಅಬ್’ ಅಂದ್ರ ದೂರ, ಆಚೆ. ಟಿ, ಸಿ ಮುಂದ ‘ಅಬ್ಸ್’ ಆಗತೈತಿ, ಅಬ್‌ಸ್ಟೇನ್, ಅಬ್‌ಸ್ಕಾಂಡ್. ವಿ ಮುಂದ ಬರೇ ‘ಅ’: ಅವರ್ಟ್, ತಪ್ಪಿಸು. ಶಬ್ದದ ಮುಂದ ಬರೂ ಪ್ರೆಪೊಸಿಷನ್ ಸಹಿತ ಬರಕೊಳ್ರಿ: ಅಬ್‌ಸ್ಟೇನ್ ಫ್ರಮ್, ಅಬೈಡ್ ಬೈ, ಅಬೌಂಡ್ ಇನ್. ಕ್ಲೋಜ್ ಪ್ಯಾಸೇಜಿನಾಗ (ನಡುನಡುವ ಖಾಲಿ ಜಾಗಾ ಬಿಟ್ಟ ಪ್ಯಾರಾದಾಗ) ಶಬ್ದದ ಅರ್ಥ ಗೊತ್ತಿಲ್ದಿದ್ರೂ ಮುಂದಿನ ಫ್ರಮ್ ನೋಡಿ ಉತ್ತರ ಹಿಡಿಬಹುದು.

ಮುಧೋಳ ಪದಕೋಶ:
ಒಂದು ತಿದ್ದುಪಡಿ, ಇಂಡಿಯವರ ಪಟ್ಟಿಗೆ. ಅಬ್ಯಾಂಡನ್ ಮತ್ತು ಅಬೇಟ್ ‘ಅಬ್’ ಮನೆತನದವಲ್ಲ. ಅಬ್ಯಾಂಡನ್ ಹಳೆಯ ಫ್ರೆಂಚಿನ ‘ಆ ಬಾಂದೋಂ’ನಿಂದ ಬಂತು: ಇನ್ನೊಬ್ಬರ ಹತೋಟಿಗೆ ಒಪ್ಪಿಸು, ಆ ದಾರಿಯಿಂದ ಕೈಬಿಡು. ಅಬೇಟ್ ಫ್ರೆಂಚಿನ ‘ಬಡಿದು ಕೆಡವು’ ಅನ್ನುವ ಶಬ್ದದಿಂದ, ಬ್ಯಾಟರಿ, ಬ್ಯಾಟಲ್‌ಗಳ ನೆಂಟ. ಅರ್ಥ ‘ಬಿಡು’ ಅಲ್ಲವೇ ಅಲ್ಲ, ‘ತಗ್ಗು’: ಕೃಷ್ಣೆಯ ಪ್ರವಾಹ ಅಬೇಟ್ ಆಯಿತು, ಗಾಳಿ ಅಬೇಟ್ ಆಯಿತು. ಸಮಾನಾರ್ಥಕ ಸಬ್‌ಸೈಡ್, ಡಿಮಿನಿಶ್, ಲೆಸನ್. ಅಬ್ರಿಜ್ ಕೂಡ ಹೊರಗಿನವನೇ, ಅದು ‘ಬ್ರೀಫ್’ ಮನೆತನ, ಸಂಕ್ಷೇಪಿಸು.

ಅಂದರೆ ತಲೆ ಕಂಡ ಕೂಡಲೇ ಕತ್ತರಿಸಬೇಡಿ. ಕತ್ತರಿಸಿದ ಮೇಲೆ ಉಳಿದ ಭಾಗ ಇನ್ನೆರಡು ಶಬ್ದಗಳಲ್ಲಿ ಸಿಗಬೇಕು. ಅಬ್-ಡಕ್ಟ್: ‘ಡಕ್ಟ್’ ಕಂಡಕ್ಟ್‌ನಲ್ಲಿದೆ, ಡಿಡಕ್ಟ್‌ನಲ್ಲಿದೆ, ಹಾಗಾಗಿ ಕತ್ತರಿಸಬಹುದು. ಅಬ್-ಆಂಡನ್: ‘ಆಂಡನ್’ ಎಲ್ಲೂ ಇಲ್ಲ, ಬಿಟ್ಟುಬಿಡಿ. ‘ಮ್ಯಾಲ್’ಗೂ ಇದೇ ಪರೀಕ್ಷೆ. ಮ್ಯಾಲ್ ಅಂದರೆ ಕೆಟ್ಟದ್ದು, ಬೆನ್ ಅಂದರೆ ಒಳ್ಳೆಯದು: ಮಲೆವೊಲೆಂಟ್ – ಬೆನೆವೊಲೆಂಟ್, ಮಲೈನ್ – ಬಿನೈನ್. ಮಲೇರಿಯಾ ಇಟಾಲಿಯನ್ನಿನಲ್ಲಿ ‘ಕೆಟ್ಟ ಗಾಳಿ’, ಸೊಳ್ಳೆಯ ಪಾತ್ರ ಗೊತ್ತಾಗುವ ಮೊದಲಿನ ಹೆಸರು. ಆದರೆ ಮ್ಯಾಲಿಯಬಲ್‌ನಲ್ಲಿ ಕೆಟ್ಟದ್ದೇನೂ ಇಲ್ಲ. ಅದು ಲ್ಯಾಟಿನ್ನಿನ ಸುತ್ತಿಗೆ: ಬಡಿದಂತೆ ಹಿಗ್ಗುವ ಲೋಹ, ಹೇಳಿದಂತೆ ಬಗ್ಗುವ ಮನುಷ್ಯ. ಸಮಾನಾರ್ಥಕ ಪ್ಲಯಬಲ್, ಫ್ಲೆಕ್ಸಿಬಲ್.

ಕುಂದಾ ಕ್ಯಾಂಪ್:
ತಲೆಯ ಬಗ್ಗೆ ಇಷ್ಟು ಹೇಳಿದಿರಿ, ಬಾಲವನ್ನು ಯಾರೂ ಮುಟ್ಟಲಿಲ್ಲ. ಮೊದಲ ಏಳೆಂಟು ಅಕ್ಷರ ಒಂದೇ ಇದ್ದು ಬಾಲದಲ್ಲಿ ಮಾತ್ರ ಬೇರೆಯಾಗುವ ಶಬ್ದಗಳಲ್ಲಿ ಉಪಸರ್ಗ ಗೊತ್ತಿದ್ದರೂ ಪ್ರಯೋಜನವಿಲ್ಲ. ಕಂಟೆಂಪ್ಟಿಬಲ್, ಕಂಟೆಂಪ್ಚುಅಸ್. ‘-ಇಬಲ್, -ಏಬಲ್’ ಅಂದರೆ ಆ ಕ್ರಿಯೆಗೆ ಒಳಗಾಗತಕ್ಕದ್ದು. ‘-ಅಸ್’ ಅಂದರೆ ಅದು ತುಂಬಿಕೊಂಡದ್ದು. ಲಂಚಕೋರ ಕಂಟೆಂಪ್ಟಿಬಲ್, ಅವನನ್ನು ನೋಡುವ ನಮ್ಮ ನೋಟ ಕಂಟೆಂಪ್ಚುಅಸ್. ಕ್ರೆಡಿಬಲ್ ನಂಬತಕ್ಕ ಸಾಕ್ಷಿ, ಕ್ರೆಡ್ಯುಲಸ್ ಯಾರು ಏನು ಹೇಳಿದರೂ ನಂಬುವ ಮನುಷ್ಯ, ಕ್ರೆಡಿಟಬಲ್ ಮೆಚ್ಚತಕ್ಕ ಕೆಲಸ. ನೆಗ್ಲಿಜಿಬಲ್ ಲೆಕ್ಕಕ್ಕಿಡಬೇಕಾಗಿಲ್ಲದ ಮೊತ್ತ, ನೆಗ್ಲಿಜೆಂಟ್ ಲೆಕ್ಕ ಇಡದ ಗುಮಾಸ್ತ.

ರೆಸ್ಪೆಕ್ಟ್‌ಗೆ ಮೂರು ಬಾಲ. ರೆಸ್ಪೆಕ್ಟಬಲ್ ಮರ್ಯಾದಸ್ಥ, ರೆಸ್ಪೆಕ್ಟ್‌ಫುಲ್ ಮರ್ಯಾದೆ ಕೊಡುವವ, ರೆಸ್ಪೆಕ್ಟಿವ್ ತಮ್ಮ ತಮ್ಮ. ಅರ್ಜಿಯ ಕೊನೆಗೆ ‘ಯುವರ್ಸ್ ರೆಸ್ಪೆಕ್ಟಿವ್ಲಿ’ ಅಂತ ಬರೆದರೆ ಸಾಹೇಬರಿಗೆ ‘ಅನುಕ್ರಮವಾಗಿ ನಿಮ್ಮವ’ ಅಂದಂತಾಯಿತು. ಬೇಕಾದದ್ದು ರೆಸ್ಪೆಕ್ಟ್‌ಫುಲಿ.

ಜುಡಿಷಿಯಲ್ ನ್ಯಾಯಾಲಯದ್ದು, ಜುಡಿಷಿಯಸ್ ವಿವೇಕದ್ದು. ಎರಡೂ ಒಟ್ಟಿಗೆ ಇರಬೇಕೆಂಬ ನಿಯಮವಿಲ್ಲ. ಅಫೀಷಿಯಲ್ ಅಧಿಕೃತ, ಅಫಿಷಿಯಸ್ ಕೇಳದಿದ್ದರೂ ಮೂಗು ತೂರಿಸಿ ಅಧಿಕಾರ ನಡೆಸುವವ. ಕಂಟಿನ್ಯುಅಲ್ ನಡುನಡುವೆ ನಿಂತು ಮತ್ತೆ ಮತ್ತೆ ಬರುವುದು, ಬೇಸಿಗೆಯ ಕರೆಂಟ್ ಕಟ್ ಥರ. ಕಂಟಿನ್ಯುಅಸ್ ನಡುವೆ ಒಮ್ಮೆಯೂ ಕಡಿಯದ್ದು.

ಡೋಣಿ ದಂಡೆ:
ಪೆರೆನಿಯಲ್ ಬಿಟ್ರಿ. ‘ಪರ್’ ಮತ್ತ ‘ವರ್ಷ’ ಸೇರಿ ಆಗಿದ್ದು, ಅದಕ್ಕ ಭಾಳ ಮಂದಿ ‘ವಾರ್ಷಿಕ’ ಅಂತ ಟಿಕ್ ಹಾಕ್ತಾರ. ವಾರ್ಷಿಕ ಆನ್ಯುಅಲ್. ಪೆರೆನಿಯಲ್ ಅಂದ್ರ ವರ್ಷಪೂರ್ತಿ ಬತ್ತದ್ದು, ಸದಾ ಇರೂದು. ಗಿಡದ ಲೆಕ್ಕದಾಗಂತೂ ಎರಡೂ ಎದುರಾಬದುರು: ಜೋಳ ಆನ್ಯುಅಲ್, ನಿಂಬಿ ಪೆರೆನಿಯಲ್. ಇಂಡಿಯವರಿಗೆ ಮರೀಬಾರದು ಇದು.

ಗುಳೇದಗುಡ್ಡ ಖಣ:
ಕಿವಿಗೆ ಒಂದ ಕೇಳಿಸಿ ಕಣ್ಣಿಗೆ ಬ್ಯಾರೆ ಇರೂ ಶಬ್ದಕ್ಕ ಒಂದು ಕೊಂಡಿ ಹಾಕಿ ಇಡ್ರಿ. ಕಾಂಪ್ಲಿಮೆಂಟ್ ಎರಡದಾವ. ನಡುವ ಇ ಇರೂದು ಕಂಪ್ಲೀಟ್ ಮಾಡತೈತಿ, ಪೂರಕ. ನಡುವ ಐ ಇರೂದು ಹೊಗಳಿಕೆ. ಅಫೆಕ್ಟ್, ಇಫೆಕ್ಟ್‌ಗೂ ಉಪಸರ್ಗನ ಕೊಂಡಿ: ‘ಅಡ್’ ಬಂದು ತಾಗೂದು, ‘ಎಕ್ಸ್’ ಹೊರಗ ಬಂದದ್ದು. ಮಳಿ ಬೆಳಿಗೆ ಅಫೆಕ್ಟ್ ಮಾಡಿತು, ಹೊರಗ ಬಂದ ಫಲ ಇಫೆಕ್ಟ್. ಇಫೆಕ್ಟ್ ಕ್ರಿಯಾಪದ ಆಗಿ ಬಂದ್ರ ‘ಜಾರಿಗೆ ತರು’, ಅಲ್ಲೇ ಸಿಗಿಬೀಳೂದು. ಅವರ್ಸ್ – ಅಡ್ವರ್ಸ್ ಹಂಗ: ಮುಖ ಆಚೆ ತಿರುವಿದ ಮನುಷ್ಯ ಅವರ್ಸ್, ಎದುರು ತಿರುಗಿ ನಿಂತ ಪರಿಸ್ಥಿತಿ ಅಡ್ವರ್ಸ್.

ಇಂಡಿ ನಿಂಬೆ:
ನಾ ಎರಡು ಬಿಡಿಸಿ ನೋಡೀನಿ, ಸರಿ ಅದಾವೋ ಹೇಳ್ರಿ. ಪ್ರೊಕ್ರಾಸ್ಟಿನೇಟ್: ‘ಪ್ರೊ’ ಮುಂದಕ್ಕ, ‘ಕ್ರಾಸ್’ ದಾಟೂದು, ಅಂದ್ರ ಮುಂದಕ್ಕ ದಾಟಿ ಹೋಗೂದು. ಪ್ರಿಪಾಸ್ಟರಸ್: ‘ಪ್ರಿ’ ಮುಂಚೆ, ‘ಪೋಸ್ಟ್’ ಆಮ್ಯಾಲೆ. ಎರಡೂ ಒಂದ ಶಬ್ದದಾಗ ಹ್ಯಾಂಗ ಕೂಡ್ತಾವ?

ಮುಧೋಳ ಪದಕೋಶ:
ಎರಡನೆಯದು ಸರಿಯಾಗಿ ಬಿಡಿಸಿದ್ದೀರಿ, ನಂಬಲಿಲ್ಲ ಅಷ್ಟೆ. ಹಿಂದೆ ಬರಬೇಕಾದದ್ದು ಮುಂದೆ ಬಂದು ಕೂತಿದೆ; ತಲೆಕೆಳಗಾದದ್ದು, ಅಸಂಬದ್ಧ. ಸಮಾನಾರ್ಥಕ ಅಬ್ಸರ್ಡ್, ರಿಡಿಕ್ಯುಲಸ್. ಮೊದಲನೆಯದರಲ್ಲಿ ‘ಕ್ರಾಸ್’ ಇಂಗ್ಲಿಷಿನ ದಾಟುವಿಕೆ ಅಲ್ಲ, ಲ್ಯಾಟಿನ್ನಿನ ‘ನಾಳೆ’. ನಾಳೆಗೆ ತಳ್ಳುವುದು, ಪೋಸ್ಟ್‌ಪೋನ್, ಡಿಲೇ, ಡಿಫರ್. ಹಳ್ಳಿಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು ದೆವ್ವಕ್ಕೆ ಪ್ರೊಕ್ರಾಸ್ಟಿನೇಷನ್ ಕಲಿಸಲಿಕ್ಕೇ. ಡಿಫರ್ ಎರಡಿವೆ, ಎಚ್ಚರ: ಡಿ-ಇ ಇದ್ದರೆ ಮುಂದೂಡು, ಡಿ-ಐ ಮತ್ತು ಎಫ್ ಎರಡು ಇದ್ದರೆ ಭಿನ್ನವಾಗಿರು.

ಬನಹಟ್ಟಿ ಮಗ್ಗ:
ಪ್ರಶ್ನೆ ಬಿಡಿಸೂದಕ್ಕ ಒಂದು ಮಾತು. ಪ್ರೊಸ್ಕ್ರೈಬ್ ಕೇಳಿ ಆಯ್ಕೆ ಕೊಡೂದು ಹ್ಯಾಂಗಂದ್ರ: ರೆಕಮೆಂಡ್, ಬ್ಯಾನ್, ಡಿಸ್ಕ್ರೈಬ್, ಅಲೌ. ರೆಕಮೆಂಡ್ ಇಟ್ಟಿರೂದು ಪ್ರಿಸ್ಕ್ರೈಬ್ ಅಂತ ಓದಿದವರಿಗೆ, ಡಿಸ್ಕ್ರೈಬ್ ಬಾಲ ನೋಡಿ ಓಡೂವವರಿಗೆ, ಅಲೌ ಸಿನೊನಿಮ್ ಬಿಟ್ಟು ಆಂಟೊನಿಮ್ ಹುಡುಕೂವವರಿಗೆ. ಅದಕ್ಕ ಆಯ್ಕೆ ನೋಡೂ ಮೊದಲ ಅರ್ಥ ಮನಸಿನಾಗ ಕನ್ನಡದಾಗ ಅಂದುಬಿಡ್ರಿ, ‘ನಿಷೇಧಿಸು’. ಆಮ್ಯಾಲೆ ಆಯ್ಕೆ ನೋಡ್ರಿ. ಮೊದಲ ಆಯ್ಕೆ ನೋಡಿದ್ರ ನಾಕೂ ಸರಿ ಕಾಣತಾವು.

ಕುಂದಾ ಕ್ಯಾಂಪ್:
ಆ ಆಯ್ಕೆಗಳ ಜೊತೆಗೆ ಪದದ ಜಾತಿಯನ್ನೂ ನೋಡಿ: ಕೇಳಿದ್ದು ವಿಶೇಷಣವಾದರೆ ಉತ್ತರವೂ ವಿಶೇಷಣವೇ. ಮತ್ತೊಂದು, ಪರೂಸ್ ಅಂತ ಬಂದರೆ ‘ಮೇಲೆ ಮೇಲೆ ನೋಡು’ಗೆ ಟಿಕ್ ಹಾಕಬೇಡಿ. ಮಾತಿನಲ್ಲಿ ಹಾಗೆ ಬಳಸುವವರು ಬೇಕಾದಷ್ಟಿದ್ದಾರೆ, ಆದರೆ ಮೂಲ ಅರ್ಥ ಗಮನವಿಟ್ಟು ಓದುವುದು. ಕಚೇರಿಯ ‘ಫಾರ್ ಯುವರ್ ಪರೂಸಲ್’ ಕೂಡ ಅದನ್ನೇ ಬೇಡುತ್ತದೆ.

ಡೋಣಿ ದಂಡೆ:
ಕಡತ ಪರೂಸಲ್‌ಗೆ ಹೋದದ್ದು ಮೇಲೆ ಮೇಲೆ ನೋಡಿಯೇ ಬರ್ತದಲ್ರಿ, ಅದಕ್ಕ ಆ ಅರ್ಥನೂ ಹುಟ್ಟಿರಬೇಕು. ಆ ಥರ ನೋಡೂದಕ್ಕೂ ‘ಪರ್’ ದಾಗ ಒಂದು ಶಬ್ದ ಅದ, ಬರಕೋ ತಮ್ಮಾ: ಪರ್‌ಫಂಕ್ಟರಿ, ಕಾಟಾಚಾರದ್ದು. ಸಿನೊನಿಮ್ ಕರ್ಸರಿ, ಆಂಟೊನಿಮ್ ಥರೋ.